ವೇಗ–ಕಾಲ ಗ್ರಾಫ್ ಸೊನ್ನೆ ಗೆರೆಯ ಕೆಳಗಿಳಿದರೆ ವಸ್ತು ನಿಧಾನವಾಗುತ್ತಿದೆಯೋ, ಜೋರಾಗುತ್ತಿದೆಯೋ?

ಎರೆಭೂಮಿ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಯ ಚಲನೆ ಪಾಠದ ಗ್ರಾಫ್ ಬಗ್ಗೆ ಕೇಳಬೇಕಿತ್ತು.

ಪ್ರಶ್ನೆ ಇದು: ವಸ್ತುವೊಂದು ನೇರ ದಾರಿಯಲ್ಲಿ ಚಲಿಸುತ್ತಿದೆ. ವೇಗ–ಕಾಲ ಗ್ರಾಫ್ ಒಂದೇ ನೇರ ಗೆರೆ. ಕಾಲ 0 ಇದ್ದಾಗ ವೇಗ +12 ಮೀ/ಸೆ, 6ನೇ ಸೆಕೆಂಡಿಗೆ −12 ಮೀ/ಸೆ. ವೇಗೋತ್ಕರ್ಷ (ವೇಗ ಬದಲಾಗುವ ದರ) ಎಷ್ಟು? ಸ್ಥಾನಪಲ್ಲಟ (ಹೊರಟ ಜಾಗದಿಂದ ಕೊನೆಗೆ ಎಷ್ಟು ಸರಿದಿದೆ) ಎಷ್ಟು? ಸಾಗಿದ ದೂರ ಎಷ್ಟು? ವಸ್ತು ನಿಧಾನವಾಗುತ್ತಿರುವುದು ಯಾವಾಗ?

ಲೆಕ್ಕ ಮಕ್ಕಳಿಗೆ ಬರುತ್ತದೆ, ಅರ್ಥ ಕೇಳಿದರೆ ಎಡವುತ್ತಾರೆ. ಗೆರೆ ಕೆಳಗಿಳಿದಿದೆ, ಹಾಗಾಗಿ ಗಾಡಿ ಗುಡ್ಡ ಇಳಿದಿದೆ ಅನ್ನುವವರು ಕೆಲವರು. ವೇಗೋತ್ಕರ್ಷ ಋಣ ಬಂತು, ಆದ್ದರಿಂದ ಆರು ಸೆಕೆಂಡೂ ನಿಧಾನವಾಗಿದೆ ಅನ್ನುವವರು ಹಲವರು. 3ನೇ ಸೆಕೆಂಡಿನಲ್ಲಿ ವೇಗ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಅನ್ನುವವರು ಚೆನ್ನಾಗಿ ಓದುವ ಮಕ್ಕಳೇ. ಅಂಗಡಿಯಲ್ಲಿ ಸಿಗುವ ಗೈಡಿನಲ್ಲಿ ‘ಋಣ ವೇಗೋತ್ಕರ್ಷ ಎಂದರೆ ವೇಗ ಕಡಿಮೆಯಾಗುವುದು’ ಎಂದೇ ಅಚ್ಚಾಗಿದೆ. ಹೇಗೆ ಬಿಡಿಸಿ ಹೇಳಬೇಕು? ಲ್ಯಾಬ್ ಇಲ್ಲದ ಶಾಲೆಯಲ್ಲೂ ಆಗುವಂಥ ಪ್ರಯೋಗ ಇದ್ದರೆ ಅದನ್ನೂ ತಿಳಿಸಿ.

ಕೋಟೆಗುಡ್ಡ, ಬಳ್ಳಾರಿ

ಮೇಡಂ, ಮೊದಲು ಉತ್ತರಗಳು. ವೇಗೋತ್ಕರ್ಷ ಆರೂ ಸೆಕೆಂಡು −4 ಮೀ/ಸೆ². ಸ್ಥಾನಪಲ್ಲಟ 0. ದೂರ 36 ಮೀ. ಮೊದಲ ಮೂರು ಸೆಕೆಂಡು ವಸ್ತು ನಿಧಾನವಾಗುತ್ತದೆ, ಆಮೇಲಿನ ಮೂರು ಸೆಕೆಂಡು ಹಿಂದಕ್ಕೆ ಜೋರಾಗುತ್ತ ಹೋಗುತ್ತದೆ.

ಗೈಡಿನ ಮಾತು ಅರ್ಧ ನಿಜ. ವೇಗ ಧನವಾಗಿರುವಷ್ಟು ಹೊತ್ತು ಮಾತ್ರ ಅದು ಸರಿ. ವೇಗ ಮತ್ತು ವೇಗೋತ್ಕರ್ಷದ ಚಿಹ್ನೆ ಒಂದೇ ಆಗಿದ್ದರೆ ಜವ (ದಿಕ್ಕು ಬಿಟ್ಟು ವೇಗದ ಪ್ರಮಾಣ) ಹೆಚ್ಚುತ್ತದೆ, ಬೇರೆ ಬೇರೆ ಆಗಿದ್ದರೆ ಕಡಿಮೆಯಾಗುತ್ತದೆ. ಒಂಬತ್ತನೇ ತರಗತಿಗೆ ಚಿಹ್ನೆಗಳ ಮಾತು ಭಾರ ಅನಿಸಿದರೆ ಬೋರ್ಡ್ ಮೇಲೆ ಕಣ್ಣಿಗೇ ತೋರಿಸಬಹುದು: ವೇಗ–ಕಾಲ ಗೆರೆ ಕಾಲದ ಅಕ್ಷದ ಕಡೆಗೆ ಬರುತ್ತಿದ್ದರೆ ವಸ್ತು ನಿಧಾನವಾಗುತ್ತಿದೆ, ಅಕ್ಷದಿಂದ ದೂರ ಸರಿಯುತ್ತಿದ್ದರೆ ಜೋರಾಗುತ್ತಿದೆ. ಗೆರೆ ಅಕ್ಷದ ಮೇಲಿದ್ದರೂ ಅಷ್ಟೇ, ಕೆಳಗಿದ್ದರೂ ಅಷ್ಟೇ. ನಿಮ್ಮ ಗೆರೆ 3ನೇ ಸೆಕೆಂಡಿನವರೆಗೆ ಅಕ್ಷಕ್ಕೆ ಹತ್ತಿರವಾಗುತ್ತದೆ, ನಂತರ ಆಚೆ ಬದಿಯಲ್ಲಿ ದೂರವಾಗುತ್ತದೆ.

3ನೇ ಸೆಕೆಂಡಿನ ಗೊಂದಲಕ್ಕೆ ಕಾರಣ ಎತ್ತರವನ್ನೂ ಸ್ಲೋಪನ್ನೂ (ಗೆರೆಯ ಓರೆ) ಬೆರೆಸುವುದು. ಈ ಗ್ರಾಫಿನಲ್ಲಿ ಎತ್ತರ ಅಂದರೆ ವೇಗ, ಸ್ಲೋಪ್ ಅಂದರೆ ವೇಗೋತ್ಕರ್ಷ. ಗೆರೆಯ ಎತ್ತರ ಅಲ್ಲಿ ಸೊನ್ನೆ, ಸ್ಲೋಪ್ ಸೊನ್ನೆ ಅಲ್ಲ. ಗೆರೆ ಅಕ್ಷವನ್ನು ದಾಟುವಾಗ ಬಾಗುವುದಿಲ್ಲ, ಮುರಿಯುವುದಿಲ್ಲ, ಅದೇ ಓರೆಯಲ್ಲಿ ಮುಂದುವರಿಯುತ್ತದೆ. ಮೇಲಕ್ಕೆ ಎಸೆದ ಚೆಂಡು ತುದಿ ಮುಟ್ಟಿದಾಗ ವೇಗ ಸೊನ್ನೆ, ವೇಗೋತ್ಕರ್ಷ ಕೆಳಮುಖವಾಗಿ 9.8 ಮೀ/ಸೆ². ಅಲ್ಲಿ ವೇಗೋತ್ಕರ್ಷವೂ ಸೊನ್ನೆಯಾಗಿ ಹಾಗೇ ಉಳಿದರೆ ಚೆಂಡು ಕೆಳಗೆ ಬರುವುದೇ ಇಲ್ಲ.

ಇನ್ನು ಗುಡ್ಡ ಇಳಿಯುವ ಮಾತು. ಇದು ಹೋಗಬೇಕಾದರೆ ಒಂದೇ ಚಲನೆಯ ಮೂರು ಗ್ರಾಫನ್ನು ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಸಿ. ಮೂರಕ್ಕೂ ಕಾಲದ ಅಕ್ಷ ಒಂದೇ ಅಳತೆ: 2 ಸೆಂ.ಮೀ.ಗೆ 1 ಸೆಕೆಂಡು. ಮೇಲೆ ಸ್ಥಾನ, 1 ಸೆಂ.ಮೀ.ಗೆ 2 ಮೀ. ನಡುವೆ ವೇಗ, 1 ಸೆಂ.ಮೀ.ಗೆ 4 ಮೀ/ಸೆ. ಕೆಳಗೆ ವೇಗೋತ್ಕರ್ಷ, 1 ಸೆಂ.ಮೀ.ಗೆ 2 ಮೀ/ಸೆ². ಎ4 ಗ್ರಾಫ್ ಹಾಳೆಯಲ್ಲಿ ಮೂರೂ ಹಿಡಿಯುತ್ತವೆ. ಪ್ರತಿ ಸೆಕೆಂಡಿಗೂ ಮೇಲಿಂದ ಕೆಳಗೆ ಪೆನ್ಸಿಲ್ ಚುಕ್ಕೆಗೆರೆ ಎಳೆಯಿರಿ. ಸ್ಥಾನದ ಬೆಲೆಗಳು 0ರಿಂದ 6ನೇ ಸೆಕೆಂಡಿನವರೆಗೆ ಕ್ರಮವಾಗಿ 0, 10, 16, 18, 16, 10, 0 ಮೀಟರ್. ಸ್ಕೇಲಿನಲ್ಲಿ ಚುಕ್ಕಿ ಚುಕ್ಕಿ ಸೇರಿಸಬಾರದು, ಕೈಯಿಂದ ನಯವಾಗಿ ಎಳೆಯಬೇಕು, ಪರವಲಯ ಬರುತ್ತದೆ. ಈಗ ಒಂದೇ ಚುಕ್ಕೆಗೆರೆ ಹಿಡಿದು ಕೆಳಗಿಳಿಯಲಿ: 3ನೇ ಸೆಕೆಂಡಿನಲ್ಲಿ ಮೇಲಿನ ಗ್ರಾಫ್ ನೆತ್ತಿ ಮುಟ್ಟಿದೆ, ನಡುವಿನದು ಅಕ್ಷ ದಾಟುತ್ತಿದೆ, ಕೆಳಗಿನದು −4ರಲ್ಲಿ ಅಲುಗದೆ ನಿಂತಿದೆ. ವಸ್ತು ಹೋದದ್ದು 18 ಮೀಟರ್ ಆಚೆ, ಬಂದದ್ದು 18 ಮೀಟರ್ ವಾಪಸ್. ದಾರಿಯಲ್ಲಿ ಗುಡ್ಡವೇ ಇಲ್ಲ.

ಹಟ್ಟಿ ಕೇಜ್, ಲಿಂಗಸುಗೂರು

ಕೋಟೆಗುಡ್ಡ ಸರ್ ಹೇಳಿದ್ದಕ್ಕೆ ಒಂದು ಉದಾಹರಣೆ ಸೇರಿಸುತ್ತೇನೆ. ನೇರ ದಾರಿ ಅಂದಕೂಡಲೇ ಎಲ್ಲರೂ ರಸ್ತೆಗೆ ಹೋಗುತ್ತಾರೆ. ರಸ್ತೆಗಿಂತ ಗಣಿಯ ಶಾಫ್ಟಿನಲ್ಲಿ (ನೇರ ಕೆಳಗಿಳಿಯುವ ಬಾವಿ) ಲಿಫ್ಟಿನಂತೆ ಇಳಿಯುವ ಕೇಜ್ ಒಳ್ಳೆಯದು. ಅದಕ್ಕೆ ತಿರುವಿಲ್ಲ, ಟ್ರಾಫಿಕ್ ಇಲ್ಲ, ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಕೇಜನ್ನು ಹಗ್ಗದಿಂದ ಎತ್ತಿ ಇಳಿಸುವ ವೈಂಡರ್ ಮೋಟಾರಿನ ಸಾಮರ್ಥ್ಯ ಲೆಕ್ಕ ಹಾಕುವವರು ಮೊದಲು ಬರೆಯುವುದೇ ವೇಗ–ಕಾಲ ಗ್ರಾಫ್.

ಲೆಕ್ಕಕ್ಕೆ ಹೊಂದುವ ಅಂಕಿ ಇಟ್ಟುಕೊಳ್ಳಿ. ಆಳ 600 ಮೀ, ಗರಿಷ್ಠ ವೇಗ 8 ಮೀ/ಸೆ, ಹೊರಡುವಾಗ ಮತ್ತು ನಿಲ್ಲುವಾಗ ವೇಗೋತ್ಕರ್ಷದ ಪ್ರಮಾಣ 0.8 ಮೀ/ಸೆ². ಕೆಳಮುಖ ಧನ. ವೇಗ 0ರಿಂದ 8ಕ್ಕೆ ಏರಲು 10 ಸೆಕೆಂಡು, ಅಷ್ಟರಲ್ಲಿ 40 ಮೀ. ನಿಲ್ಲುವಾಗಲೂ 10 ಸೆಕೆಂಡು, 40 ಮೀ. ಉಳಿದ 520 ಮೀಟರಿಗೆ 65 ಸೆಕೆಂಡು. ಒಟ್ಟು 85 ಸೆಕೆಂಡು. ಗ್ರಾಫ್ ತ್ರಾಪಿಜ್ಯ. ವೇಗ–ಕಾಲ ಗೆರೆಯ ಕೆಳಗಿನ ವಿಸ್ತೀರ್ಣವೇ ಸ್ಥಾನಪಲ್ಲಟ: ½ × (85 + 65) × 8 = 600, ಆಳಕ್ಕೆ ಸರಿಹೋಯಿತು.

ಮೇಡಂ ಕೇಳಿದ ವಿಷಯ ಇರುವುದು ಕೇಜ್ ಮೇಲೆ ಬರುವಾಗ. ಈಗ ವೇಗ ಋಣ. ತಳದಿಂದ ಹೊರಟು ಜೋರಾಗುವ ಹತ್ತು ಸೆಕೆಂಡು ವೇಗೋತ್ಕರ್ಷ −0.8. ಮೇಲೆ ಬಂದು ನಿಲ್ಲುವ ಹತ್ತು ಸೆಕೆಂಡು +0.8. ಋಣ ಅಂದರೆ ಬ್ರೇಕ್ ಅಂದುಕೊಂಡವನಿಗೆ ಇಲ್ಲಿ ಎಲ್ಲವೂ ತಿರುಗುಮುರುಗು. ಇನ್ನೂ ಒಂದು: ಕೆಳಗೆ ಹೋಗುವ ಕೇಜ್ ಹೊರಡುವಾಗಲೂ, ಮೇಲೆ ಬರುವ ಕೇಜ್ ನಿಲ್ಲುವಾಗಲೂ ವೇಗೋತ್ಕರ್ಷ +0.8, ಅಂದರೆ ಎರಡು ಸಲವೂ ಕೆಳಮುಖ. ಒಳಗೆ ನಿಂತವರಿಗೆ ಎರಡು ಸಲವೂ ಮೈ ಸುಮಾರು ಶೇ 8ರಷ್ಟು ಹಗುರ ಅನಿಸುತ್ತದೆ, ಯಾಕೆಂದರೆ 0.8ನ್ನು 9.8ರಿಂದ ಭಾಗಿಸಿದರೆ 0.08. ದೇಹಕ್ಕೆ ಗೊತ್ತಾಗುವುದು ವೇಗೋತ್ಕರ್ಷದ ದಿಕ್ಕು ಮಾತ್ರ, ಯಾವ ಕಡೆ ಹೋಗುತ್ತಿದ್ದೇವೆ ಅನ್ನುವುದಲ್ಲ.

ನಿಜವಾದ ವೈಂಡಿಂಗ್ ಗ್ರಾಫಿನಲ್ಲಿ ಕೊನೆಗೆ ಒಂದು ಸಣ್ಣ ಬಾಲ ಇರುತ್ತದೆ. ಕೇಜನ್ನು ಪ್ಲಾಟ್‌ಫಾರ್ಮಿನ ಮಟ್ಟಕ್ಕೆ ಸರಿಯಾಗಿ ತಂದು ನಿಲ್ಲಿಸಲು ಕೆಲವು ಸೆಕೆಂಡು ತೆವಳುವ ವೇಗದಲ್ಲಿ ಓಡಿಸುತ್ತಾರೆ. ಪರೀಕ್ಷೆಯ ಗ್ರಾಫಿನ ಚೂಪು ಮೂಲೆಗಳೂ ನಿಜದಲ್ಲಿ ಇರುವುದಿಲ್ಲ. ವೇಗ–ಕಾಲ ಗ್ರಾಫಿನಲ್ಲಿ ಮೂಲೆ ಅಂದರೆ ವೇಗೋತ್ಕರ್ಷ ಒಮ್ಮೆಲೇ ಬದಲಾಯಿತು ಅಂತ. ಹಾಗೆ ಮಾಡಿದರೆ ಹಗ್ಗಕ್ಕೆ ಜರ್ಕ್ ಹೊಡೆಯುತ್ತದೆ.

ಭತ್ತದನಾಡು, ಗಂಗಾವತಿ

ನಾನು ಫಸ್ಟ್ ಪಿಯು. ಒಂದು ಡೌಟ್ ಸರ್. ಸ್ಲೋಪ್ ಅಂದರೆ ಟ್ಯಾನ್ ಥೀಟಾ ಅಂತ ಬರೆಸಿದ್ದಾರೆ. ಸ್ಥಾನ–ಕಾಲ ಗ್ರಾಫ್ ಮೇಲೆ ಕೋನಮಾಪಕ ಇಟ್ಟು ಅಳೆದೆ, 45 ಡಿಗ್ರಿ ಬಂತು. ಟ್ಯಾನ್ 45 = 1, ಹಾಗಾದರೆ ವೇಗ 1 ಮೀ/ಸೆ ಬರಬೇಕಲ್ಲ? ಉತ್ತರ 4 ಅಂತ ಇದೆ. ಮತ್ತೆ ಬಾಗಿದ ಗ್ರಾಫಿಗೆ ಸ್ಪರ್ಶಕ (ಒಂದು ಚುಕ್ಕಿಯಲ್ಲಿ ಮುಟ್ಟಿಕೊಂಡು ಹೋಗುವ ನೇರ ಗೆರೆ) ಎಳೆದರೆ ನನಗೊಂದು, ಪಕ್ಕದವಳಿಗೊಂದು ಉತ್ತರ ಬರುತ್ತದೆ.

ಕೋಟೆಗುಡ್ಡ, ಬಳ್ಳಾರಿ

ಕೋನಮಾಪಕ ಪೆಟ್ಟಿಗೆಯಲ್ಲೇ ಇರಲಮ್ಮ. ಹಾಳೆಯ ಮೇಲಿನ ಕೋನ ನೀನು ಆರಿಸಿದ ಸ್ಕೇಲ್ ಮೇಲೆ ನಿಂತಿದೆ. ಉದ್ದ ಅಕ್ಷದ ಸ್ಕೇಲ್ ಬದಲಿಸಿದರೆ ಅದೇ ವೇಗಕ್ಕೆ 45 ಹೋಗಿ 70 ಡಿಗ್ರಿ ಆಗಬಹುದು. ಸ್ಲೋಪ್ ಅಂದರೆ ಅಕ್ಷದ ಮೇಲೆ ಓದಿದ ಬೆಲೆಗಳ ವ್ಯತ್ಯಾಸಗಳ ಭಾಗಲಬ್ಧ, ಯೂನಿಟ್ ಸಮೇತ. ಮೀಟರನ್ನು ಸೆಕೆಂಡಿನಿಂದ ಭಾಗಿಸಿದ್ದೀಯ ಅನ್ನುವುದು ಉತ್ತರದಲ್ಲಿ ಕಾಣಬೇಕು. ವಿಸ್ತೀರ್ಣಕ್ಕೂ ಇದೇ ಮಾತು. ಅಡ್ಡಕ್ಕೆ 1 ಸೆಂ.ಮೀ.ಗೆ 0.5 ಸೆಕೆಂಡು, ಉದ್ದಕ್ಕೆ 1 ಸೆಂ.ಮೀ.ಗೆ 2 ಮೀ/ಸೆ ಇದ್ದರೆ ಒಂದು ಚದರ ಸೆಂ.ಮೀ. ಅಂದರೆ 1 ಮೀಟರ್ ಸ್ಥಾನಪಲ್ಲಟ. ಬಾಗಿದ ವೇಗ–ಕಾಲ ಗ್ರಾಫಾದರೆ ಚೌಕ ಎಣಿಸು. ಅರ್ಧಕ್ಕಿಂತ ಹೆಚ್ಚು ಒಳಗಿರುವ ಸಣ್ಣ ಚೌಕವನ್ನು ಪೂರ್ತಿ ಎಣಿಸಬೇಕು, ಕಡಿಮೆ ಇದ್ದರೆ ಬಿಡಬೇಕು.

ಸ್ಪರ್ಶಕಕ್ಕೆ ಒಂದು ಹಳೆಯ ಉಪಾಯ. ಅಂಚು ನೇರವಾಗಿರುವ ಸಣ್ಣ ಕನ್ನಡಿ ಪಟ್ಟಿಯನ್ನು ಬೇಕಾದ ಚುಕ್ಕಿಯ ಮೇಲೆ ಹಾಳೆಗೆ ಲಂಬವಾಗಿ ನಿಲ್ಲಿಸು. ಕನ್ನಡಿಯ ಒಳಗೆ ಕಾಣುವ ವಕ್ರರೇಖೆಯೂ ಹಾಳೆಯ ಮೇಲಿನ ವಕ್ರರೇಖೆಯೂ ಮುರಿಯದೆ ಒಂದೇ ಗೆರೆಯಾಗಿ ಕಾಣುವವರೆಗೆ ತಿರುಗಿಸು. ಆಗ ಕನ್ನಡಿಯ ಅಂಚಿಗೆ ಗೆರೆ ಎಳೆ, ಅದು ವಕ್ರಕ್ಕೆ ಲಂಬ. ಅದಕ್ಕೆ 90 ಡಿಗ್ರಿಯಲ್ಲಿ ಎಳೆದ ಗೆರೆಯೇ ಸ್ಪರ್ಶಕ. ಬರೀ ಕಣ್ಣಳತೆಗಿಂತ ಎಷ್ಟೋ ವಾಸಿ.

ಸ್ಪರ್ಶಕ ಎಳೆದ ಮೇಲೆ ಸಣ್ಣ ತ್ರಿಕೋನ ಹಾಕುವುದೇ ಇಬ್ಬರಿಗೂ ಬೇರೆ ಉತ್ತರ ಬರಲು ಕಾರಣ. ಮೇಲಿನ 0, 10, 16, 18 ಗ್ರಾಫನ್ನೇ ತಗೋ. 2ನೇ ಸೆಕೆಂಡಿನ ಸ್ಪರ್ಶಕವನ್ನು ಹಾಳೆಯ ತುದಿವರೆಗೆ ಎಳೆ. ಕಾಲ 0ಯಲ್ಲಿ 8 ಮೀ, ಕಾಲ 4ರಲ್ಲಿ 24 ಮೀ ಓದಬೇಕು. (24 − 8)/4 = 4 ಮೀ/ಸೆ. ಓದುವಾಗ ಅರ್ಧ ಮೀಟರ್ ತಪ್ಪಿದರೂ ಉತ್ತರ 0.125 ಮಾತ್ರ ತಪ್ಪುತ್ತದೆ. ಅದೇ ಅರ್ಧ ಸೆಕೆಂಡಿನ ಪುಟ್ಟ ತ್ರಿಕೋನ ಹಾಕಿದ್ದರೆ ಪೂರ್ತಿ 1 ಮೀ/ಸೆ ತಪ್ಪುತ್ತಿತ್ತು.

ಸ್ಪರ್ಶಕ ಇಲ್ಲದೆಯೂ ತಾಳೆ ನೋಡಬಹುದು. 1ನೇ ಸೆಕೆಂಡಿನಲ್ಲಿ 10, 3ನೇ ಸೆಕೆಂಡಿನಲ್ಲಿ 18. ಸರಾಸರಿ ವೇಗ 8/2 = 4. ವೇಗೋತ್ಕರ್ಷ ಏಕರೂಪವಾಗಿದ್ದರೆ ಒಂದು ಅವಧಿಯ ಸರಾಸರಿ ವೇಗ ಆ ಅವಧಿಯ ನಟ್ಟನಡುವಿನ ಕ್ಷಣದ ವೇಗಕ್ಕೆ ಸರಿಸಮ. ನೆನಪಿಟ್ಟುಕೋ, ಪ್ರಯೋಗಕ್ಕೆ ಇದೇ ಬೇಕು.

ಕಿನ್ನಾಳ ಬಣ್ಣ, ಕೊಪ್ಪಳ

ಮೇಡಮ್ಮೋರು ಪ್ರಯೋಗ ಕೇಳ್ಯಾರ, ತಗೋರಿ. ಹೆಚ್ಚಿಗಿ ಖರ್ಚಿಲ್ಲ.

ಅಲ್ಯೂಮಿನಿಯಂ ಕಿಟಕಿ ಮಾಡೋ ಅಂಗಡ್ಯಾಗ 2 ಮೀಟರ್ ಯು ಚಾನೆಲ್ ಸಿಗತೈತಿ. ಒಳಗಿನ ಅಗಲ 15 ಮಿ.ಮೀ. ಇರೋದು ನೋಡ್ರಿ, ಸೊಟ್ಟ ಇರಬಾರದು, ಒಂದು ಕಣ್ಣು ಮುಚ್ಚಿ ಉದ್ದಕ ನೋಡಿ ತಗೋರಿ. ಬೇರಿಂಗ್ ಅಂಗಡ್ಯಾಗ 25 ಮಿ.ಮೀ. ಉಕ್ಕಿನ ಗುಂಡು ತಗೋರಿ. ಗುಂಡು ಚಾನೆಲಿನ ಎರಡು ಅಂಚಿನ ಮ್ಯಾಲೆ ಕುಂತು ಉರುಳಬೇಕು, ತಳಕ್ಕ ತಾಗಬಾರದು. ಚಾನೆಲಿನ ಬದೀಗೆ ಟೈಲರ್ ಟೇಪ್ ಅಂಟಸ್ರಿ. ಒಂದು ತುದಿ 10 ಸೆಂ.ಮೀ. ಎತ್ತರ ಮಾಡ್ರಿ. ನಡುವು ಜೋತುಬೀಳದಂಗ ಅಡಿಗೆ ಎರಡು ಕಡೆ ಆಸರ ಕೊಡ್ರಿ, ಇಲ್ಲಾಂದ್ರ ಮ್ಯಾಲಿನ ಅರ್ಧದಾಗ ಓರೆ ಹೆಚ್ಚಾಗಿ ವೇಗೋತ್ಕರ್ಷ ಏಕರೂಪ ಉಳಿಯಂಗಿಲ್ಲ.

ಗುಂಡು ತಳ್ಳಬ್ಯಾಡ್ರಿ. ಮುಂದ ಒಂದು ಸ್ಕೇಲ್ ಅಡ್ಡ ಹಿಡಿದು, ಗುಂಡು ಹೋಗೋ ಕಡೀಗೇ ಚಟ್ಟನ ತೆಗೀರಿ. ಮ್ಯಾಲಕ್ಕ ಎತ್ತಿದ್ರ ಸ್ಕೇಲ್ ಗುಂಡಿಗೆ ತಿಕ್ಕಿ ತಿರುಗಿಸಿ ಬಿಡತೈತಿ. ಮೊಬೈಲಿನ ವಿಡಿಯೊ ಸೆಕೆಂಡಿಗೆ 30 ಫ್ರೇಮ್ ಇರತೈತಿ. 15 ಫ್ರೇಮಿಗೆ ಒಮ್ಮೆ ನಿಲ್ಲಿಸಿ ಗುಂಡಿನ ಮುಂದಿನ ಅಂಚು ಟೇಪಿನ ಮ್ಯಾಲೆ ಎಲ್ಲೈತಿ ಬರ್ಕೋರಿ, ಅಂದ್ರ ಅರ್ಧ ಸೆಕೆಂಡಿಗೊಂದು ಓದು. ಹೊರಟ ಜಾಗ ಸೊನ್ನೆ.

ಇಷ್ಟು ಅಳತೀಗೆ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕ 30 ಸೆಂ.ಮೀ. ಹತ್ರ ಬರಬೇಕು. ಅರ್ಧರ್ಧ ಸೆಕೆಂಡಿಗೆ ಸ್ಥಾನ ಸುಮಾರು 3.8, 15, 33.8, 60, 93.8, 135 ಸೆಂ.ಮೀ. ಒಂದರಾಗ ಒಂದು ಕಳೀರಿ: 3.75, 11.25, 18.75, 26.25, 33.75, 41.25. ಇವು 1, 3, 5, 7, 9, 11ರ ಲೆಕ್ಕದಾಗ ಅದಾವ. ಬೆಸಸಂಖ್ಯೆಯ ಈ ನಿಯಮ ಗೆಲಿಲಿಯೊ 1638ರಾಗ ಪ್ರಕಟ ಮಾಡಿದ್ದು. ಪ್ರತಿಯೊಂದನ್ನ 0.5ರಿಂದ ಭಾಗಿಸಿದ್ರ ವೇಗ: 7.5, 22.5, 37.5, 52.5, 67.5, 82.5. ಈ ಚುಕ್ಕಿಗಳನ್ನ ಅವಧಿಯ ನಡುವಿನ ಕ್ಷಣಕ್ಕ, ಅಂದ್ರ 0.25, 0.75, 1.25 ಹಿಂಗ ಇಡ್ರಿ. ನೇರ ಗೆರೆ, ಸ್ಲೋಪ್ 30.

ಹುಡುಗರು ಇಲ್ಲೇ ಜಾರ್ತಾರ ನೋಡ್ರಿ. ಒಟ್ಟು ದೂರಾನ ಒಟ್ಟು ಕಾಲದಿಂದ ಭಾಗಿಸಿ ‘ಇದೇ ಆ ಕ್ಷಣದ ವೇಗ’ ಅಂತ ಹಚ್ಚತಾರ. 135/3 = 45 ಸೆಂ.ಮೀ/ಸೆ. ಅದು ಮೂರು ಸೆಕೆಂಡಿನ ಸರಾಸರಿ. ಮೂರನೇ ಸೆಕೆಂಡಿನ ತುದೀಗೆ ಇರೋ ವೇಗ 90. ಹಂಗ ಮಾಡಿದ ಗ್ರಾಫೂ ನೇರ ಗೆರೀನ ಬರತೈತಿ, ಅದಕ್ಕ ತಪ್ಪು ಕಾಣಂಗಿಲ್ಲ, ಸ್ಲೋಪ್ ಮಾತ್ರ 15 ಬಂದು ಕುಂದರತೈತಿ. ಉತ್ತರ ಸರಿ ಅರ್ಧ ಬಂದ್ರ ಮೊದಲು ಇದನ್ನ ನೋಡ್ರಿ.

ಕೃಷ್ಣಾ ಸೇತುವೆ, ಶಕ್ತಿನಗರ

30 ಎಲ್ಲಿಂದ ಬಂತು ಅಂತ ಮಕ್ಕಳು ಕೇಳಿದರೆ ಉತ್ತರ ಬೇಕಲ್ಲ. 2 ಮೀಟರಿಗೆ 10 ಸೆಂ.ಮೀ. ಏರು, ಸೈನ್ 0.05. ಉರುಳದೆ ಜಾರಿದ್ದರೆ 9.8 × 0.05 = 0.49 ಮೀ/ಸೆ². ಸಮತಟ್ಟು ಹಲಗೆಯ ಮೇಲೆ ಉರುಳುವ ಗುಂಡಿಗೆ ಅದರ ಏಳರಲ್ಲಿ ಐದು ಪಾಲು, 0.35. ಇಲ್ಲಿ ಗುಂಡು ಎರಡು ಅಂಚಿನ ಮೇಲೆ ಕೂತಿದೆ. ತ್ರಿಜ್ಯ 12.5 ಮಿ.ಮೀ, ಅರ್ಧ ಅಗಲ 7.5, ಹಾಗಾಗಿ ಕೇಂದ್ರ ಅಂಚುಗಳಿಂದ 10 ಮಿ.ಮೀ. ಎತ್ತರದಲ್ಲಿದೆ. ಅದೇ ದೂರ ಸಾಗಲು ಗುಂಡು ಹೆಚ್ಚು ತಿರುಗಬೇಕು. 12.5ನ್ನು 10ರಿಂದ ಭಾಗಿಸಿ ವರ್ಗ ಮಾಡಿ, 0.4ರಿಂದ ಗುಣಿಸಿ, 1 ಕೂಡಿಸಿದರೆ 1.625. 0.49/1.625 = 0.30. ಒಂಬತ್ತನೇ ತರಗತಿಗೆ ಇದು ಬೇಡ. ಆದರೆ ಇದೇ ಪ್ರಯೋಗದಿಂದ ಗುರುತ್ವದ 9.8 ತೆಗೆಯಲು ಹೊರಟವರು ಈ ಭಾಗಾಕಾರ ಬಿಟ್ಟರೆ 6ರ ಆಸುಪಾಸು ಬಂದು ತಲೆ ಕೆಡಿಸಿಕೊಳ್ಳುತ್ತಾರೆ.

ಇನ್ನೊಂದು ಎಚ್ಚರಿಕೆ. ಅರ್ಧ ಸೆಕೆಂಡಿನ ಅಂತರ ಬಿಟ್ಟು, ಸಿಗುತ್ತದಲ್ಲ ಅಂತ ಪ್ರತಿ ಫ್ರೇಮನ್ನೂ ಓದಿದರೆ ಗ್ರಾಫ್ ಹಾಳಾಗುತ್ತದೆ. ಪ್ರತಿ ಓದಿನಲ್ಲಿ 1 ಮಿ.ಮೀ. ಅತ್ತಿತ್ತ ಆಗೇ ಆಗುತ್ತದೆ. ಎರಡು ಓದಿನ ವ್ಯತ್ಯಾಸದಲ್ಲಿ ಅದು 2 ಮಿ.ಮೀ. ವರೆಗೆ ಹೋಗಬಹುದು. 1/30 ಸೆಕೆಂಡಿನಿಂದ ಭಾಗಿಸಿದರೆ ವೇಗದಲ್ಲಿ 6 ಸೆಂ.ಮೀ/ಸೆ ತಪ್ಪು. ವೇಗಗಳನ್ನೂ ಕಳೆದು ವೇಗೋತ್ಕರ್ಷ ತೆಗೆದರೆ ತಪ್ಪು 360 ಸೆಂ.ಮೀ/ಸೆ² ತನಕ, ಅಳೆಯಬೇಕಾದ 30ರ ಹನ್ನೆರಡು ಪಟ್ಟು. ಅದೇ ಅರ್ಧ ಸೆಕೆಂಡಿನ ಅಂತರದಲ್ಲಿ ವೇಗದ ತಪ್ಪು 0.4, ವೇಗೋತ್ಕರ್ಷದ್ದು 1.6. ಆದ್ದರಿಂದ ವೇಗೋತ್ಕರ್ಷವನ್ನು ಎರಡೆರಡು ಚುಕ್ಕಿಯಿಂದ ತೆಗೆಯಬೇಡಿ. ವೇಗದ ಎಲ್ಲ ಚುಕ್ಕಿಗಳ ನಡುವೆ ಹಾಯುವ ಒಂದೇ ನೇರ ಗೆರೆ ಎಳೆದು, ಅದರ ಸ್ಲೋಪ್ ಓದಿ.

ಕ್ಯಾಮೆರಾ ಚಾನೆಲಿನ ನಡುಭಾಗಕ್ಕೆ ನೇರವಾಗಿ, ಎರಡೂವರೆ ಮೂರು ಮೀಟರ್ ದೂರದಲ್ಲಿ, ಸ್ಟ್ಯಾಂಡ್ ಮೇಲಿರಲಿ. ಟೇಪ್ ಗುಂಡಿಗಿಂತ 3 ಸೆಂ.ಮೀ. ಹಿಂದಿದ್ದು ಕ್ಯಾಮೆರಾ 2 ಮೀಟರಿನಲ್ಲಿದ್ದರೆ ಶೇ 1.5 ತಪ್ಪು ಅಲ್ಲೇ ಬಂತು. ಕತ್ತಲು ಕೋಣೆಯಲ್ಲಿ ಹಲವು ಫೋನುಗಳು ತಾವಾಗಿಯೇ ಫ್ರೇಮ್ ಸಂಖ್ಯೆ ಇಳಿಸುತ್ತವೆ. ಇನ್ನೊಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಅದೂ ಚಿತ್ರದೊಳಗೆ ಬರುವಂತೆ ಇಟ್ಟರೆ ಆ ಅನುಮಾನ ಉಳಿಯುವುದಿಲ್ಲ.

ಭತ್ತದನಾಡು, ಗಂಗಾವತಿ

ಗುಂಡು ಬಿಟ್ಟ ಕ್ಷಣ ಯಾವ ಫ್ರೇಮ್ ಅಂತ ಗೊತ್ತಾಗದಿದ್ದರೆ? ಕೈ ಅಡ್ಡ ಬರುತ್ತದೆ ಸರ್.

ಕೃಷ್ಣಾ ಸೇತುವೆ, ಶಕ್ತಿನಗರ

ವೇಗ–ಕಾಲ ಗ್ರಾಫಿಗೆ ಅದರಿಂದ ತೊಂದರೆ ಇಲ್ಲ. ಸೊನ್ನೆ ಕ್ಷಣ ತಪ್ಪಿದರೆ ಗೆರೆ ಇಡಿಯಾಗಿ ಎಡಕ್ಕೋ ಬಲಕ್ಕೋ ಸರಿಯುತ್ತದೆ, ಸ್ಲೋಪ್ ಹಾಗೇ ಇರುತ್ತದೆ. ಗೆರೆ ಕಾಲದ ಅಕ್ಷವನ್ನು ಕತ್ತರಿಸುವ ಜಾಗವೇ ಬಿಟ್ಟ ಕ್ಷಣ. ಸ್ಥಾನವನ್ನು ಕಾಲದ ವರ್ಗದ ಎದುರು ಬರೆಯುವ ಇನ್ನೊಂದು ಪದ್ಧತಿ ಇದೆಯಲ್ಲ, ಅದು ಈ ತಪ್ಪನ್ನು ತಡೆಯುವುದಿಲ್ಲ, ಗೆರೆಯೇ ಬಾಗುತ್ತದೆ. ನಾನಾದರೆ ವೇಗ–ಕಾಲವನ್ನೇ ಆರಿಸುತ್ತೇನೆ.

ಮಾನ್ವಿ ರಸ್ತೆ, ರಾಯಚೂರು

ಫೋನಿನ ಸೆನ್ಸಾರ್ ಬಗ್ಗೆ ಯಾರೂ ಹೇಳಲಿಲ್ಲ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಆ್ಯಪ್ ಉಚಿತ. ಅದರಲ್ಲಿ ಗುರುತ್ವ ಕಳೆದು ತೋರಿಸುವ ವೇಗೋತ್ಕರ್ಷದ ಆಯ್ಕೆ ಇದೆ. ಬಸ್ಸಿನ ನೆಲದ ಮೇಲೆ, ಅಲುಗದಂತೆ, ಫೋನಿನ ತಲೆ ಡ್ರೈವರ್ ಕಡೆಗಿರುವಂತೆ ಮಲಗಿಸಿ. ವೈ ಅಕ್ಷದ ಗ್ರಾಫ್ ನೋಡಿ. ಹೊರಡುವಾಗ ಧನ, ಗೇರ್ ಬದಲಿಸುವಾಗಲೆಲ್ಲ ಒಂದು ಹಳ್ಳ, ಬ್ರೇಕ್ ಹಾಕಿದಾಗ ಅಕ್ಷದ ಕೆಳಗೆ. ಬಸ್ ಒಂದೇ ವೇಗದಲ್ಲಿ ಓಡುವಾಗ ಗ್ರಾಫ್ ಸೊನ್ನೆಯ ಸುತ್ತ ನಡುಗುತ್ತಿರುತ್ತದೆ. ಬಸ್ ಗಂಟೆಗೆ 60 ಕಿ.ಮೀ. ಓಡುತ್ತಿದ್ದರೂ ಗ್ರಾಫ್ ಸೊನ್ನೆ ತೋರಿಸುವುದು ಯಾಕೆ ಅನ್ನುವ ಪ್ರಶ್ನೆಗೆ ಅರ್ಧ ಪೀರಿಯಡ್ ಕೊಟ್ಟರೂ ನಷ್ಟವಿಲ್ಲ.

ಈ ಗ್ರಾಫಿನ ಕೆಳಗಿನ ವಿಸ್ತೀರ್ಣ ಕೊಡುವುದು ವೇಗದ ಬದಲಾವಣೆಯನ್ನು. ವೇಗವನ್ನೇ ಅಲ್ಲ. ಆರಂಭದ ವೇಗ ಬೇರೆ ಕಡೆಯಿಂದ ತರಬೇಕು. ವೇಗ–ಕಾಲ ಗ್ರಾಫೂ ಹಾಗೇ, ಎಷ್ಟು ಸರಿದಿದೆ ಎಂದು ಹೇಳುತ್ತದೆ, ಎಲ್ಲಿಂದ ಹೊರಟಿತು ಎಂದು ಹೇಳುವುದಿಲ್ಲ.

ಆ್ಯಪಿನ ಅಂಕಿಗಳಿಂದ ವಿಸ್ತೀರ್ಣ ತೆಗೆದು ದೂರ ಲೆಕ್ಕ ಹಾಕುವ ಉಮೇದು ಬರುತ್ತದೆ, ಬೇಡ. ಸೆನ್ಸಾರ್ ಸೊನ್ನೆಯಿಂದ ಬರೀ 0.05 ಮೀ/ಸೆ² ಸರಿದಿದ್ದರೂ ಒಂದು ನಿಮಿಷಕ್ಕೆ ವೇಗದಲ್ಲಿ 3 ಮೀ/ಸೆ, ದೂರದಲ್ಲಿ 90 ಮೀಟರ್ ತಪ್ಪು ಕೂಡಿಬಿಡುತ್ತದೆ. ಫೋನ್ ಮಲಗಿರುವ ನೆಲ 1 ಡಿಗ್ರಿ ಓರೆಯಾದರೆ ಗುರುತ್ವದ 0.17 ಮೀ/ಸೆ² ಪಾಲು ಬಂದು ಸೇರಬಹುದು. ಕೃಷ್ಣಾ–ತುಂಗಭದ್ರಾ ನಡುವಿನ ನಮ್ಮ ದೋಆಬ್ ಸೀಮೆ ಸಮತಟ್ಟು, ಆದರೂ ಸೇತುವೆ ಏರು ಬಂದರೆ ಗೊತ್ತಾಗುತ್ತದೆ. ವೇಗಕ್ಕೆ ಜಿಪಿಎಸ್ ಬಳಸಿ. ಅದು ಸಾಮಾನ್ಯವಾಗಿ ಸೆಕೆಂಡಿಗೊಂದೇ ಓದು ಕೊಡುತ್ತದೆ, ಎರಡು ಸೆಕೆಂಡಿನ ಬ್ರೇಕಿಗೆ ಎರಡು ಮೂರು ಚುಕ್ಕಿ ಸಿಕ್ಕೀತು, ಅಷ್ಟೇ.

ಬ್ರೇಕ್ ಲೆಕ್ಕಕ್ಕೆ: ಗಂಟೆಗೆ 54 ಕಿ.ಮೀ. ಅಂದರೆ 15 ಮೀ/ಸೆ. ಡ್ರೈವರ್ ಕಾಲು ಬ್ರೇಕಿಗೆ ಹೋಗಲು 1 ಸೆಕೆಂಡು, ಆಮೇಲೆ −3 ಮೀ/ಸೆ². ಗ್ರಾಫಿನಲ್ಲಿ ಒಂದು ಆಯತ, ಪಕ್ಕಕ್ಕೊಂದು ತ್ರಿಕೋನ: 15 + 37.5 = 52.5 ಮೀ. ವೇಗ ಇಮ್ಮಡಿ ಮಾಡಿ ಅದೇ ಹಾಳೆಯಲ್ಲಿ ಬರೆಸಿ. ಆಯತ ಎರಡು ಪಟ್ಟಾಗುತ್ತದೆ, ತ್ರಿಕೋನ ಎತ್ತರದಲ್ಲೂ ಅಗಲದಲ್ಲೂ ಬೆಳೆದು ನಾಲ್ಕು ಪಟ್ಟಾಗುತ್ತದೆ. ಸೂತ್ರ ಇಲ್ಲದೆ ಕಣ್ಣಿಗೇ ಕಾಣುತ್ತದೆ.

ಕೋಟೆಗುಡ್ಡ, ಬಳ್ಳಾರಿ

ಪಿಯು ಮಕ್ಕಳಿಗೆ ಪರೀಕ್ಷೆಯ ಮಾತು ಎರಡು. ‘ಎಕ್ಸ್ = ಯುಟಿ + ½ಎಟಿ²’ (ಯು ಆರಂಭದ ವೇಗ, ವಿ ಕೊನೆಯ ವೇಗ, ಎ ವೇಗೋತ್ಕರ್ಷ, ಟಿ ಕಾಲ) ಗ್ರಾಫಿನಿಂದ ಸಾಧಿಸುವಾಗ ಆಯತದ ಮೇಲಿನ ತ್ರಿಕೋನದ ಎತ್ತರ ವಿ ಅಲ್ಲ, ವಿ − ಯು, ಅಂದರೆ ಎಟಿ. ಗೆರೆಯನ್ನು ಮೂಲಬಿಂದುವಿನಿಂದ ಹೊರಡಿಸಿದರೆ ಯು ಸೊನ್ನೆ ಅಂದಂತಾಯಿತು, ಆಮೇಲೆ ಯುಟಿ ಎಲ್ಲಿಂದಲೂ ಬರುವುದಿಲ್ಲ. ಗ್ರಾಫಿನ ವಿಸ್ತೀರ್ಣದಿಂದ ದೂರ ಓದುವ ಈ ಯೋಚನೆ ಗೆಲಿಲಿಯೊಗಿಂತಲೂ ಹಳೆಯದು. ಹದಿನಾಲ್ಕನೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಇಂಥದೇ ತ್ರಿಕೋನ ಬರೆದಿದ್ದ.

ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ. ನಾಲ್ಕು ಗ್ರಾಫ್ ಕೊಟ್ಟು ಸಾಧ್ಯವಿಲ್ಲದ್ದು ಯಾವುದು ಎಂದರೆ ಲೆಕ್ಕಕ್ಕೆ ಕೈ ಹಾಕಬೇಡಿ. ಒಂದು ಕ್ಷಣಕ್ಕೆ ಎರಡು ಸ್ಥಾನ ತೋರಿಸುವ ಗ್ರಾಫ್, ಕಾಲದಲ್ಲಿ ಹಿಂದಕ್ಕೆ ತಿರುಗುವ ಗೆರೆ, ಇಳಿಯುವ ದೂರ–ಕಾಲ ಗ್ರಾಫ್, ಅಕ್ಷದ ಕೆಳಗಿರುವ ಜವ–ಕಾಲ ಗ್ರಾಫ್, ಇವು ನೋಡಿದ ಕೂಡಲೇ ಹೊರಗೆ. ಸ್ಥಾನ–ಕಾಲ ಇಳಿಯಬಹುದು, ದೂರ–ಕಾಲ ಇಳಿಯುವಂತಿಲ್ಲ. ಅಕ್ಷದ ಹೆಸರು ಓದದೆ ಉತ್ತರ ಗುರುತು ಹಾಕುವವರು ಬೀಳುವುದೇ ಇಲ್ಲಿ.

ಎರೆಭೂಮಿ, ಸಿಂಧನೂರು

ಎಲ್ಲರಿಗೂ ಧನ್ಯವಾದ. ಮೂರು ಗ್ರಾಫ್ ಒಂದೇ ಹಾಳೆಯಲ್ಲಿ, ಆಮೇಲೆ ಚಾನೆಲ್, ಈ ಕ್ರಮದಲ್ಲಿ ತೆಗೆದುಕೊಳ್ಳುತ್ತೇನೆ. ಕಿನ್ನಾಳ ಸರ್, ಶಾಲೆಯಲ್ಲಿ ಮಕ್ಕಳ ಕೈಗೆ ಫೋನ್ ಕೊಡುವಂತಿಲ್ಲ. ವಿಡಿಯೊ ಇಲ್ಲದೆ ಆಗುತ್ತದೆಯೇ?

ಕಿನ್ನಾಳ ಬಣ್ಣ, ಕೊಪ್ಪಳ

ಆಗತೈತಿ ಮೇಡಮ್ಮೋರೆ, ಕಿವಿ ಸಾಕು. ಸ್ಟಾಪ್‌ವಾಚ್ ನೆಚ್ಚಬ್ಯಾಡ್ರಿ, ಬೆರಳು ಒತ್ತೋದ್ರಾಗ ಸೆಕೆಂಡಿನ ಐದರಾಗ ಒಂದು ಪಾಲು ಹೋಗತೈತಿ. ಹೊಲಿಗೆ ದಾರ ತಗೊಂಡು ಚಾನೆಲಿಗೆ ಅಡ್ಡ ಬಿಗಿಯಾಗಿ ಕಟ್ರಿ, ಗುಂಡಿನ ಅಂಚು ಹೊರಡೋ ಜಾಗದಿಂದ 10, 40, 90, 160 ಸೆಂ.ಮೀ.ಗೆ ಒಂದೊಂದು. ಗುಂಡು ದಾರ ಹತ್ತಿ ಇಳಿದಾಗ ಟಿಕ್ ಅಂತೈತಿ. ಬಿಟ್ಟ ಕ್ಷಣಾನೂ ಹಿಡಿದು ಟಿಕ್ ಟಿಕ್ ನಡುವಿನ ಹೊತ್ತು ಎಲ್ಲಾ ಸಮ ಕೇಳಬೇಕು, 30 ಸೆಂ.ಮೀ/ಸೆ² ಇದ್ರ ಸುಮಾರು 0.8 ಸೆಕೆಂಡಿಗೊಂದು. ಆಮ್ಯಾಲೆ ದಾರ ಸರಿಸಿ 40, 80, 120, 160ಕ್ಕ ಕಟ್ಟಿ ಕೇಳಸ್ರಿ, ಟಿಕ್ಕುಗಳು ಒಂದಕ್ಕೊಂದು ಹತ್ರ ಹತ್ರ ಬರ್ತಾವ. ಮೊದಲನೇದು ಸಮ ಕೇಳಲಿಲ್ಲಂದ್ರ ದಾರದ ಗಂಟು ನೋಡ್ರಿ. ಗಂಟು ಅಂಚಿನ ಮ್ಯಾಲೆ ಬಂದ್ರ ಗುಂಡು ಅಲ್ಲೇ ತಡದು ವೇಗ ಕಳ್ಕೊಂತೈತಿ, ಗಂಟು ಚಾನೆಲಿನ ಅಡಿಗೇ ಇರಲಿ. ದಪ್ಪ ದಾರ, ಸುತಳಿ ಬ್ಯಾಡ. 10 ಸೆಂ.ಮೀ.ದಾಗ ಗುಂಡಿನ ವೇಗ ಇನ್ನೂ ಕಡಿಮಿ ಇರತೈತಿ, ದಪ್ಪ ದಾರ ಇದ್ರ ಅಲ್ಲೇ ನಿಂತರೂ ನಿಂತೀತು.